ಒಂದು ಕೈಗೆ ಬರುವ ದೂರದರ್ಶಕ

ಬಸವೇಶ್ವರನಗರದ ನಮ್ಮ ಮನೆಯ ತಾರಸಿಯನ್ನು ಸೇರಬೇಕಾದರೆ ಮೂವತ್ತೊಂಬತ್ತು ಮೆಟ್ಟಿಲುಗಳನ್ನು ಹತ್ತಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಮಹಡಿಯ ಮೇಲೆ ಮಹಡಿಯನ್ನೇರಿಸಿ ಕಟ್ಟಿದ ಪಶ್ಚಿಮ ಬೆಂಗಳೂರಿನ ಬಹುಪಾಲು ಮನೆಗಳಂತೆ ಇಲ್ಲಿಯೂ ಮೆಟ್ಟಿಲುಗಳು ಕಡಿದು, ಅಗಲ ಕಿರಿದು. ಕೊನೆಯ ಹನ್ನೊಂದಂತೂ ಹೊರಗೋಡೆಗೆ ಆನಿಸಿದ ಕಬ್ಬಿಣದವು. ನಲವತ್ತನೆಯ ವಯಸ್ಸಿನಲ್ಲಿ ಈ ಸಂಖ್ಯೆ ನನಗೆ ತಿಳಿದಿರಲಿಲ್ಲ. ಅರವತ್ತೆಂಟು ತುಂಬಿ ಮೊಣಕಾಲು ನೋಯತೊಡಗಿದ ತರುವಾಯ ಪ್ರತಿಯೊಂದು ಮೆಟ್ಟಿಲೂ ಎಣಿಕೆಗೆ ಬಂದಿತು. ಆದಕಾರಣ, ಸಂಜೆಯ ವಾಯುಸಂಚಾರದಲ್ಲಿ ಜೊತೆಯಾಗುವ ನಿವೃತ್ತ ಸ್ನೇಹಿತರು ನನ್ನ ಹವ್ಯಾಸದ ಸಂಗತಿಯನ್ನು ತಿಳಿದು, ತಾವೂ ಒಂದು ದೂರದರ್ಶಕವನ್ನು ಕೊಳ್ಳಬೇಕೆಂದಿರುವುದಾಗಿ ಹೇಳಿ, ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುವುದನ್ನು ಕೊಂಡರೆ ಲೇಸೆಂದು ಕೇಳಿದಾಗ, ನಾನು ಅವರಿಗೆ ಹಾಕುವ ಮರುಪ್ರಶ್ನೆ ಒಂದೇ: ನಿಮ್ಮ ಮನೆಯ ತಾರಸಿಗೆ ಎಷ್ಟು ಮೆಟ್ಟಿಲು?

ಪಟ್ಟುಗಳ ಲೆಕ್ಕವನ್ನು ನಂಬಿ ನಾನೂ ಒಮ್ಮೆ ಮೋಸಹೋದವನು. ಇಪ್ಪತ್ತು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ, ಬಣ್ಣದ ಪೆಟ್ಟಿಗೆಯ ಮೇಲೆ ಶನಿಗ್ರಹದ ಭವ್ಯಚಿತ್ರವನ್ನೂ ಅದರ ಕೆಳಗೆ 600 ಪಟ್ಟು ಎಂಬ ಬರಹವನ್ನೂ ಹೊತ್ತಿದ್ದ, 60 ಮಿಲಿಮೀಟರ್ ವ್ಯಾಸದ ದೂರದರ್ಶಕವೊಂದನ್ನು ಉತ್ಸಾಹದಿಂದ ಕೊಂಡು ತಂದೆನು. ವರ್ಧನವೆಂಬುದು ಎದುರಿನ ಮಸೂರದ ಸಂಗಮದೂರವನ್ನು ನೇತ್ರಮಸೂರದ, ಎಂದರೆ ಅಂಗಡಿಯವರು ಐಪೀಸ್ ಎನ್ನುವುದರ, ಸಂಗಮದೂರದಿಂದ ಭಾಗಿಸಿದರೆ ಬರುವ ಒಂದು ಅಂಕಿ ಮಾತ್ರ. ನೇತ್ರಮಸೂರವನ್ನು ಬದಲಿಸುತ್ತ ಹೋದರೆ ಈ ಅಂಕಿಯನ್ನು ಬೇಕಾದಷ್ಟು ಬೆಳೆಸಬಹುದು. ಆದರೆ ವ್ಯಾಸದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟಿಗಿಂತ ಮೇಲೆ ಹೋದರೆ ಬಿಂಬವು ಹಿಗ್ಗುವುದೇ ಹೊರತು ಅದರಲ್ಲಿ ಹೊಸತೇನೂ ಕಾಣುವುದಿಲ್ಲವಾದ್ದರಿಂದ, ನನ್ನ ಉಪಕರಣದ ನಿಜವಾದ ಮಿತಿ 120 ಆಗಿತ್ತು. ಅದರ ಮುಕ್ಕಾಲಿಯಾದರೋ ಎಷ್ಟು ಬಡಕಲಾಗಿತ್ತೆಂದರೆ, ಬೀದಿಯಲ್ಲಿ ಲಾರಿ ಹೋದರೆ ಚಂದ್ರನು ಕಲಕಿದ ಬಾವಿಯ ನೀರಿನಲ್ಲಿ ಕಂಡಂತೆ ಅಲುಗಾಡುತ್ತಿದ್ದನು. ಆ ಉಪಕರಣ ಅಟ್ಟವನ್ನು ಸೇರಿತು. ಅದರೊಂದಿಗೆ ನನ್ನ ಆಸೆಯೂ ಹಲವು ವರ್ಷ ಅಟ್ಟದಲ್ಲಿಯೇ ಉಳಿದುದು ನನಗಿಂದಿಗೂ ವ್ಯಥೆಯ ಸಂಗತಿ.

ದೂರದರ್ಶಕವು ಮೊಟ್ಟಮೊದಲು ಬೆಳಕನ್ನು ಹಿಡಿಯುವ ಪಾತ್ರೆ. ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಹಂಡೆಯನ್ನೂ ಇಟ್ಟರೆ ಒಂದೇ ಮಳೆ ಹಂಡೆಗೆ ಹೆಚ್ಚು ನೀರನ್ನು ತುಂಬುವಂತೆ, ಬಾಯಿ ಅಗಲವಾದಷ್ಟೂ ನಕ್ಷತ್ರದ ಬೆಳಕು ಹೆಚ್ಚಾಗಿ ಸೇರುತ್ತದೆ. ನಮ್ಮ ಕಣ್ಣಿನ ಪಾಪೆಯೂ ಅಂಥದೊಂದು ಬಾಯಿಯೇ. ಯೌವನದಲ್ಲಿ ಗಾಢಾಂಧಕಾರದಲ್ಲಿ ಸುಮಾರು 7 ಮಿಲಿಮೀಟರಿನಷ್ಟು ಅರಳುವ ಈ ಪಾಪೆ, ಅರವತ್ತು ಎಪ್ಪತ್ತರ ವಯಸ್ಸಿಗೆ 5 ಮಿಲಿಮೀಟರಿನಷ್ಟೇ, ಕೆಲವರಲ್ಲಿ ಇನ್ನೂ ಕಡಿಮೆಯೇ, ಅರಳುತ್ತದೆ. ಐದರ ವರ್ಗವನ್ನು ಏಳರ ವರ್ಗಕ್ಕೆ ಹೋಲಿಸಿದರೆ, ಬರಿಗಣ್ಣಿಗೆ ಸಿಕ್ಕುವ ಬೆಳಕಿನಲ್ಲಿ ಅರ್ಧದಷ್ಟು ಕಳೆದುಹೋಗಿರುವುದು ತಿಳಿಯುತ್ತದೆ. ಇದನ್ನು ಮೊದಲು ಓದಿದಾಗ ನನಗೆ ಖೇದವಾದದ್ದುಂಟು. ಆದರೆ ಅದೇ ಗಣಿತವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿದಾಗ ಖೇದವೆಲ್ಲ ಕರಗಿತು. 80 ಮಿಲಿಮೀಟರ್ ಮಸೂರವೊಂದು ಎಳೆಯ ಕಣ್ಣಿಗಿಂತ 130 ಪಟ್ಟು ಬೆಳಕನ್ನು ಕೂಡಿಸಿದರೆ, ಮುಪ್ಪಿನ ಕಣ್ಣಿಗಿಂತ 256 ಪಟ್ಟು ಕೂಡಿಸುತ್ತದೆ. ಅದಕ್ಕೆ 40 ಪಟ್ಟು ವರ್ಧನದ ನೇತ್ರಮಸೂರವನ್ನು ಜೋಡಿಸಿದರೆ, ಹೊರಬರುವ ಬೆಳಕಿನ ಕಂಬದ ದಪ್ಪ ಎಂಬತ್ತನ್ನು ನಲವತ್ತರಿಂದ ಭಾಗಿಸಿದಷ್ಟು, ಎಂದರೆ 2 ಮಿಲಿಮೀಟರ್. ಇದು ಐದರ ಪಾಪೆಯಲ್ಲಿಯೂ ಏಳರ ಪಾಪೆಯಲ್ಲಿಯೂ ಒಂದು ಕಿರಣವೂ ಪೋಲಾಗದಂತೆ ಒಳಕ್ಕೆ ಹೋಗುವುದು. ಹೀಗಾಗಿ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಕೊಳವೆಯ ತುದಿಯಲ್ಲಿ ಒಂದೇ ಪ್ರಮಾಣದ ಬೆಳಕು ದೊರೆಯುತ್ತದೆ.

ಇದಕ್ಕೆ ನಮ್ಮ ನಗರದ ಸಾಕ್ಷ್ಯವನ್ನೂ ಸೇರಿಸಬೇಕು. ವಿಜಯನಗರದ ಸುತ್ತ ಖಾಲಿ ನಿವೇಶನಗಳೇ ಹೆಚ್ಚಾಗಿದ್ದ ಕಾಲದಲ್ಲಿ, 1986ರ ಏಪ್ರಿಲಿನಲ್ಲಿ, ದಕ್ಷಿಣದ ಆಕಾಶದಲ್ಲಿ ಹ್ಯಾಲಿ ಧೂಮಕೇತುವನ್ನು ಅರಳಿದ ಹತ್ತಿಯ ಸಣ್ಣ ಉಂಡೆಯಂತೆ ನಾನು ಬಯಲಿನಲ್ಲಿ ನಿಂತು ಕಂಡಿದ್ದೇನೆ. ಇಂದು ಅದೇ ಸ್ಥಳದಲ್ಲಿ ನಿಂತರೆ ಆಕಾಶಗಂಗೆಯ ಸುಳಿವೂ ಇಲ್ಲ. ಮಾಗಡಿ ರಸ್ತೆಯ ದೀಪಗಳೂ ಮೆಟ್ರೊ ಮಾರ್ಗದ ದೀಪಗಳೂ ಸೇರಿ ಆಕಾಶವನ್ನು ಬೂದು ಬಣ್ಣಕ್ಕೆ ತಿರುಗಿಸಿವೆ. ಈ ಬೆಳಕಿನಲ್ಲಿ ಇಪ್ಪತ್ತರ ಹುಡುಗನ ಪಾಪೆಯೂ ಪೂರ್ಣವಾಗಿ ಅರಳುವುದಿಲ್ಲ. ವಯಸ್ಸು ನಮ್ಮಿಂದ ತೆಗೆದುಕೊಂಡದ್ದನ್ನು ನಗರವು ಎಲ್ಲರಿಂದಲೂ ಮೊದಲೇ ತೆಗೆದುಕೊಂಡಿದೆ. ಉಳಿದಿರುವುದು ದೀಪಗಳಿಗೆ ಸೋಲದ ಐಶ್ವರ್ಯ: ಚಂದ್ರ, ಗ್ರಹಗಳು, ಜೋಡಿನಕ್ಷತ್ರಗಳು, ಕೃತ್ತಿಕೆಯಂಥ ಗುಚ್ಛಗಳು, ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆ. ಇವು ಯಾವುವೂ ಅರಳಿದ ಪಾಪೆಯನ್ನು ಬೇಡುವುದಿಲ್ಲ. ಬೇಡುವುದು ಸ್ಥಿರವಾದ ಉಪಕರಣವನ್ನು, ಬಿಡುವನ್ನು, ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡುವ ತಾಳ್ಮೆಯನ್ನು. ರಾಜಾಜಿನಗರದ ಮಕ್ಕಳಿಗೆ ಒರಾಯನ್ ಎಂದರೆ ಮಾಲಿನ ಹೆಸರು. ಅದೇ ಹೆಸರಿನ ಬೇಟೆಗಾರನು, ನಮ್ಮ ಮಹಾವ್ಯಾಧನು, ಜನವರಿಯ ರಾತ್ರಿಗಳಲ್ಲಿ ಅವರ ನೆತ್ತಿಯ ಸಮೀಪದಲ್ಲಿಯೇ ಹಾದುಹೋಗುತ್ತಾನೆಂದು ತೋರಿಸಿದಾಗ ಆ ಮಕ್ಕಳ ಮುಖದಲ್ಲಿ ಮೂಡುವ ವಿಸ್ಮಯವನ್ನು ನೋಡಿಯೇ ತಿಳಿಯಬೇಕು.

ಕೊಳ್ಳುವವರು ದುರ್ಬೀನಿನಿಂದ ಆರಂಭಿಸುವುದು ವಿಹಿತ. ಬೈನಾಕ್ಯುಲರ್ ಎಂದು ಎಲ್ಲರೂ ಕರೆಯುವ ಈ ಜೋಡಿಗೊಳವೆಯ ಮೇಲೆ 7×50 ಅಥವಾ 10×50 ಎಂದು ಬರೆದಿರುತ್ತದೆ; ಮೊದಲನೆಯದು ವರ್ಧನ, ಎರಡನೆಯದು ಮಿಲಿಮೀಟರುಗಳಲ್ಲಿ ಮಸೂರದ ವ್ಯಾಸ. ನಾವಿಕರಿಗಾಗಿ ಹೆಸರಾದ 7×50, ಏಳು ಮಿಲಿಮೀಟರ್ ದಪ್ಪದ ಬೆಳಕನ್ನು ಕೊಡುತ್ತದೆ. ಐದರ ಪಾಪೆಗೆ ಅದರಲ್ಲಿ ಅರ್ಧ ವ್ಯರ್ಥ. ಅದೇ 10×50 ಸರಿಯಾಗಿ ಐದನ್ನೇ ಕೊಡುವುದರಿಂದ ನಮ್ಮ ವಯಸ್ಸಿನವರಿಗೆ ಅದು ಒಪ್ಪುತ್ತದೆ. ಕೈ ನಡುಗುವವರಿಗೆ 8×42 ಇನ್ನೂ ಹಗುರ. 15×70ರಂಥವು ಕಣ್ಣಿಗೆ ಹಬ್ಬವಾದರೂ ಒಂದೂವರೆ ಕಿಲೋಗ್ರಾಂ ಹತ್ತಿರದ ಅವುಗಳ ತೂಕವನ್ನು ಐದು ನಿಮಿಷ ಎತ್ತಿ ಹಿಡಿಯುವುದೂ ಕಷ್ಟ. ಮುಕ್ಕಾಲಿಯಿಲ್ಲದೆ ಅವನ್ನು ಕೊಳ್ಳಬಾರದು. ತಾರಸಿಯಲ್ಲಿ ಒಂದು ಆರಾಮಕುರ್ಚಿಯನ್ನು ಹಾಕಿ, ಶಾಲು ಹೊದ್ದು, ಮೊಣಕೈಗಳನ್ನು ಕುರ್ಚಿಯ ತೋಳುಗಳ ಮೇಲೂರಿ ನೋಡಿದವರಿಗೆ ನಿಂತು ನೋಡಿದವರಿಗಿಂತ ಹೆಚ್ಚು ಕಾಣುತ್ತದೆ. ಕುರ್ಚಿಯನ್ನು ನಾನು ಉಪಕರಣದ ಒಂದು ಅಂಗವೆಂದೇ ಎಣಿಸುತ್ತೇನೆ.

ದೂರದರ್ಶಕಗಳ ವಿಷಯದಲ್ಲಿ, ಪರದೇಶಗಳಲ್ಲಿ ಬರೆದ ಸಲಹೆಗಳನ್ನು ನಾವು ಹಾಗೆಯೇ ಸ್ವೀಕರಿಸಲಾಗದೆಂಬ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇದರಿಂದ ಎರಡು ಪರಿಣಾಮಗಳುಂಟು. ಧ್ರುವನಕ್ಷತ್ರವು ಉತ್ತರ ದಿಗಂತದಿಂದ ಕೇವಲ 13 ಡಿಗ್ರಿ ಮೇಲಿರುವುದರಿಂದ, ಪಕ್ಕದ ಮನೆಯ ನೀರಿನ ತೊಟ್ಟಿಯೋ ತೆಂಗಿನ ಮರವೋ ಅದನ್ನು ಮರೆಮಾಡಿರುತ್ತದೆ. ಧ್ರುವನನ್ನು ಗುರಿಯಾಗಿಟ್ಟು ಹೂಡಬೇಕಾದ, ಭಾರದ ಗುಂಡುಗಳನ್ನು ತೂಗುಹಾಕಿದ ಆಧಾರಗಳು ನಮ್ಮ ತಾರಸಿಗಳಲ್ಲಿ ಹೊಂದಿಕೆಯಾಗುವುದು ಕಷ್ಟ. ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಮಾತ್ರ ತಿರುಗುವ ಸರಳವಾದ ಆಧಾರವೇ ನಮಗೆ ಸಾಕು. ಎರಡನೆಯದಾಗಿ, ಇಂಗ್ಲೆಂಡಿನಲ್ಲಿ ಎಷ್ಟೋ ವೇಳೆ ತಗ್ಗಿನಲ್ಲಿಯೇ ತೆವಳುವ ಗ್ರಹಗಳು ನಮ್ಮಲ್ಲಿ ನೆತ್ತಿಯ ಬಳಿಗೆ ಏರಿಬರುತ್ತವೆ. ವಾಯುಮಂಡಲದ ದಪ್ಪ ಅಲ್ಲಿ ಅತ್ಯಲ್ಪವಾದ್ದರಿಂದ ಇದು ಪರಮಭಾಗ್ಯ. ಆದರೆ ಕೊರಳಿಗೆ ಶ್ರಮ. ಆದ್ದರಿಂದ ಮಸೂರದ ದೂರದರ್ಶಕವನ್ನು ಕೊಳ್ಳುವವರು ಬೆಳಕನ್ನು ಲಂಬಕೋನದಲ್ಲಿ ತಿರುಗಿಸುವ ಸಣ್ಣ ಕನ್ನಡಿಯನ್ನೂ, ಕುಳಿತಾಗ ಕಣ್ಣಿನ ಮಟ್ಟಕ್ಕೆ ಬರುವಷ್ಟು ಎತ್ತರದ ಮುಕ್ಕಾಲಿಯನ್ನೂ ಮರೆಯಬಾರದು. ಗುರುಗ್ರಹವು ಠೀಕಾಗಿ ನೆತ್ತಿಯ ಮೇಲಿದ್ದರೆ ಒಂದು ಗಂಟೆ ಕಾಯಬೇಕು, ಅದೇ ಪಶ್ಚಿಮಕ್ಕೆ ಇಳಿದು ಬರುತ್ತದೆ.

ನನ್ನ ಈಗಿನ ಉಪಕರಣವು 80 ಮಿಲಿಮೀಟರ್ ವ್ಯಾಸದ, 480 ಮಿಲಿಮೀಟರ್ ಸಂಗಮದೂರದ ಮಸೂರದ ದೂರದರ್ಶಕ. ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಂಬಿಯನ್ನು ಹಿಡಿದು ನಾನು ಮೂವತ್ತೊಂಬತ್ತು ಮೆಟ್ಟಿಲುಗಳನ್ನು ನಿರಾತಂಕವಾಗಿ ಹತ್ತಬಲ್ಲೆ. ಮುಕ್ಕಾಲಿಯು ಮೇಲಿನ ಕೋಣೆಯಲ್ಲಿಯೇ ಇರುತ್ತದೆ. ಚಂದ್ರನಲ್ಲಿಯೂ ಗ್ರಹಗಳಲ್ಲಿಯೂ ಮಾತ್ರ ಆಸಕ್ತಿಯಿರುವವರಿಗೆ, ಸೋವಿಯತ್ ವಿಜ್ಞಾನಿ ಮಕ್ಸುತೊವ್ 1941ರಲ್ಲಿ ಕಲ್ಪಿಸಿದ, ಮಸೂರವನ್ನೂ ಕನ್ನಡಿಯನ್ನೂ ಬೆರೆಸಿ ಉದ್ದವಾದ ಬೆಳಕಿನ ಹಾದಿಯನ್ನು ಗಿಡ್ಡ ಕೊಳವೆಯಲ್ಲಿ ಮಡಿಸಿಟ್ಟ 90 ಮಿಲಿಮೀಟರ್ ದೂರದರ್ಶಕವು ಇನ್ನೂ ಸೊಗಸು. ಅದು ಹೆಚ್ಚುಕಡಮೆ ಒಂದು ಕೂಜದಷ್ಟು ಗಾತ್ರದ್ದು.

ಇದಕ್ಕಿಂತ ದೊಡ್ಡದನ್ನು ಬಯಸುವವರಿಗೆ ಡಾಬ್ಸನ್ ಮಾದರಿಯ ಕನ್ನಡಿ ದೂರದರ್ಶಕವುಂಟು. ಅದರ ಕರ್ತೃವಿನ ಕಥೆ ನಮ್ಮ ಓದುಗರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ರಸಾಯನಶಾಸ್ತ್ರವನ್ನೋದಿದ ಜಾನ್ ಡಾಬ್ಸನ್, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ, ಎಂದರೆ ಶ್ರೀರಾಮಕೃಷ್ಣ ಸಂಪ್ರದಾಯದ, ಮಠವನ್ನು ಸೇರಿ ಸಂನ್ಯಾಸಿಯಾದನು. ಹಡಗಿನ ಕಿಟಕಿಯ ಹಳೆಯ ಗಾಜನ್ನು ಕೈಯಿಂದಲೇ ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂಡಿಸಿ, ಮರದ ಪೆಟ್ಟಿಗೆಯ ಮೇಲೆ ತಿರುಗುವಂತೆ ಅಳವಡಿಸಿ, ನೆರೆಹೊರೆಯವರಿಗೆ ಆಕಾಶವನ್ನು ತೋರಿಸಲು ಹೋಗುತ್ತಿದ್ದ ಆತನ ವ್ಯಾಪಾರವು ಮಠದ ಶಿಸ್ತಿಗೆ ಒಗ್ಗದೆ, 1967ರಲ್ಲಿ ಆತನು ಮಠವನ್ನು ಬಿಡಬೇಕಾಯಿತು. ಮರುವರ್ಷವೇ ಆತನೂ ಆತನ ಶಿಷ್ಯರೂ ಕಾಲುದಾರಿಯ ಮೇಲೆ ದೂರದರ್ಶಕವನ್ನಿಟ್ಟು ದಾರಿಹೋಕರನ್ನು ಕರೆದು ತೋರಿಸುವ ಸಂಘವನ್ನು ಕಟ್ಟಿದರು. 2014ರಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ಗತಿಸಿದ ಈ ಪುಣ್ಯಾತ್ಮನ ಮಾದರಿಯನ್ನು ಇಂದು ಲೋಕವೆಲ್ಲ ಬಳಸುತ್ತಿದೆ. ಕನ್ನಡಿ 200 ಮಿಲಿಮೀಟರ್, ಎಂದರೆ ಎಂಟು ಅಂಗುಲ ಇದ್ದರೆ ಇಡೀ ಉಪಕರಣದ ತೂಕ ಇಪ್ಪತ್ತು ಕಿಲೋಗ್ರಾಂ ಹತ್ತಿರ. ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟುಗಳಲ್ಲಿ ತಾರಸಿಯವರೆಗೆ ಲಿಫ್ಟ್ ಇರುವವರಿಗೆ, ರಾಜಾಜಿನಗರದ ಹಳೆಯ ಬ್ಲಾಕುಗಳಲ್ಲಿ ಇನ್ನೂ ಅಂಗಳವನ್ನುಳಿಸಿಕೊಂಡಿರುವ ಅದೃಷ್ಟವಂತರಿಗೆ ಅದು ಯೋಗ್ಯ. ಮಿಕ್ಕವರು, ಎಷ್ಟೇ ಆಸೆಯಿದ್ದರೂ, ಅದನ್ನು ಹೊತ್ತು ಏಣಿ ಹತ್ತಬಾರದು.

ನಮ್ಮ ಭಾಗದ ಹಿರಿಯರಲ್ಲಿ ಇನ್ನೊಂದು ಸಂಪತ್ತು ಇರುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕೆಯ ಉಪನಗರವಾಗಿ. ಅದರ ನೆರೆಯ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿಯೇ ಭಾರತದ ಪ್ರಥಮ ಕೃತಕ ಉಪಗ್ರಹವಾದ ಆರ್ಯಭಟವು ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿತು. ಲೇತಿನ ಮುಂದೆ ಮೂವತ್ತು ವರ್ಷ ನಿಂತು, ಒಂದು ಕೂದಲೆಳೆಯ ವ್ಯತ್ಯಾಸವನ್ನು ಬೆರಳ ತುದಿಯಿಂದಲೇ ಗುರುತಿಸಬಲ್ಲ ಎಷ್ಟೋ ನಿವೃತ್ತರು ಇಂದು ಕಾಮಾಕ್ಷಿಪಾಳ್ಯದಲ್ಲಿಯೂ ಲಗ್ಗೆರೆಯಲ್ಲಿಯೂ ಮನೆಯಲ್ಲಿ ಕುಳಿತಿದ್ದಾರೆ. ಅಂಥವರಲ್ಲಿ ಒಬ್ಬರು ನನ್ನ ಮುಕ್ಕಾಲಿಯ ತಲೆಗೆ ಹಿತ್ತಾಳೆಯ ಒಂದು ಬಿಲ್ಲೆಯನ್ನು ಕಡೆದು ಕೂಡಿಸಿದ ಮೇಲೆ, ಮೊದಲು ತಡವರಿಸುತ್ತಿದ್ದ ಕೊಳವೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ. ಕನ್ನಡಿಯನ್ನು ಉಜ್ಜುವ ವಿದ್ಯೆಗೆ ಬೇಕಾದದ್ದು ಇದೇ ಕೈ.

ಕಣ್ಣಿನ ವಿಷಯದಲ್ಲಿ ಕೆಲವು ಮಾತು. ದೂರದೃಷ್ಟಿಯೋ ಸಮೀಪದೃಷ್ಟಿಯೋ ಇರುವವರು ಕನ್ನಡಕವನ್ನು ತೆಗೆದು ಫೋಕಸ್ ತಿರುಪನ್ನು ತಿರುಗಿಸಿದರೆ ಸಾಕು, ನಕ್ಷತ್ರ ಮೊನಚಾಗುತ್ತದೆ. ಸಿಲಿಂಡರ್ ನಂಬರು ಹೆಚ್ಚಾಗಿರುವವರು ಮಾತ್ರ ಕನ್ನಡಕವನ್ನು ಹಾಕಿಕೊಂಡೇ ನೋಡಬೇಕಾಗಬಹುದು. ಅಂಥವರು ಕಣ್ಣನ್ನು 15ರಿಂದ 20 ಮಿಲಿಮೀಟರ್ ದೂರದಲ್ಲಿಟ್ಟರೂ ಪೂರ್ಣದೃಶ್ಯ ಕಾಣುವ ನೇತ್ರಮಸೂರವನ್ನು ಕೇಳಿ ಪಡೆಯಬೇಕು. ವರ್ಧನ ಅತಿಯಾದರೆ ಮುಪ್ಪಿನ ಕಣ್ಣೊಳಗೆ ತೇಲುವ ಕರಿಯ ಎಳೆಗಳು ಚಂದ್ರನ ಮೇಲೆ ಜೇಡರಬಲೆಯಂತೆ ಹಾಯುವುದರಿಂದ, ಅಲ್ಲಿಗೆ ನಿಲ್ಲಿಸುವುದೇ ಮೇಲು. ಕಣ್ಣಿನ ಪೊರೆ ಮಸೂರವನ್ನು ಹಳದಿಯಾಗಿಸಿ ನೀಲಿಯನ್ನು ನುಂಗಿಬಿಡುತ್ತದೆ. ನನ್ನ ಬಲಗಣ್ಣಿನ ಪೊರೆಯ ಶಸ್ತ್ರಕ್ರಿಯೆಯಾಗಿ ವೈದ್ಯರು ಅನುಮತಿಯಿತ್ತ ತರುವಾಯ, ಮಳೆಗಾಲ ಕಳೆದ ನವೆಂಬರಿನ ಒಂದು ಸಂಜೆ, ಪಶ್ಚಿಮಕ್ಕೆ ವಾಲಿದ ರಾಜಹಂಸದ ಕೊಕ್ಕಿನ ತುದಿಯಲ್ಲಿರುವ ಆಲ್ಬಿರಿಯೊ ಎಂಬ ಜೋಡಿಯನ್ನು ಮೊದಲು ಎಡಗಣ್ಣಿನಿಂದಲೂ ಆಮೇಲೆ ಬಲಗಣ್ಣಿನಿಂದಲೂ ನೋಡಿದೆನು. ಎಡಗಣ್ಣಿಗೆ ಎರಡೂ ಮಾಸಲು ಬಿಳುಪು. ಬಲಗಣ್ಣಿಗೆ ಒಂದು ಹೊನ್ನು, ಇನ್ನೊಂದು ನೀಲಮಣಿ. ಎಷ್ಟು ವರ್ಷಗಳಿಂದ ಆ ನೀಲಿಯನ್ನು ಕಾಣದೆಯೇ ಕಂಡೆನೆಂದುಕೊಂಡಿದ್ದೆನೋ! ದೃಷ್ಟಿ ಇನ್ನೂ ಕುಗ್ಗಿದವರಿಗೆ, ಕ್ಯಾಮೆರಾ ಹಿಡಿದ ಬೆಳಕನ್ನು ಕೂಡಿಸಿ ಮೊಬೈಲಿನ ಮೇಲೆ ಚಿತ್ರವನ್ನು ಮೂಡಿಸುವ ಹೊಸ ಬಗೆಯ ಸಣ್ಣ ದೂರದರ್ಶಕಗಳು ಬಂದಿವೆ. ಅವು ನಿಜವಾಗಿ ಉಪಕಾರಿಗಳು. ಆದರೂ, ಬೆಳಕು ತಾನೇ ಬಂದು ಕಣ್ಣನ್ನು ಮುಟ್ಟುವ ಅನುಭವಕ್ಕೆ ಚಿತ್ರವು ಸಮನಲ್ಲವೆಂಬುದು ನನ್ನ ನಂಬಿಕೆ.

ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕೆಂದೂ, ಅಷ್ಟು ಹೊತ್ತು ಬಿಳಿಯ ದೀಪವನ್ನು ನೋಡಬಾರದೆಂದೂ ಗ್ರಂಥಗಳು ಹೇಳುತ್ತವೆ. ವೃದ್ಧರಿಗೆ ಇನ್ನೂ ಹೆಚ್ಚು ಸಮಯ ಬೇಕು. ಆದರೂ ಮೆಟ್ಟಿಲ ದೀಪವನ್ನು ಆರಿಸಬಾರದೆಂಬುದೇ ನನ್ನ ದೃಢವಾದ ಅಭಿಪ್ರಾಯ: ಒಮ್ಮೆ ಕಾಲು ಜಾರಿದರೆ ಹೋಗುವುದು ಒಂದು ರಾತ್ರಿಯ ದರ್ಶನವಲ್ಲ. ಹಗಲಿನಲ್ಲಿ ಸೂರ್ಯನ ಕಡೆಗೆ, ಎದುರಿನ ಮಸೂರವನ್ನು ಪೂರ್ತಿ ಮುಚ್ಚುವ ತಕ್ಕ ಶೋಧಕವಿಲ್ಲದೆ, ಕೊಳವೆಯನ್ನು ಎಂದೂ ತಿರುಗಿಸಬಾರದು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿಡಬೇಕು.

ಯಾವ ರಾತ್ರಿ ನೋಡಬೇಕೆಂಬುದಕ್ಕೆ ಗೋಡೆಯ ಮೇಲಿನ ಪಂಚಾಂಗವೇ ಸಾಕು. ಹುಣ್ಣಿಮೆಯ ಚಂದ್ರನು ಕವಿಗಳಿಗೆ ಸಲ್ಲತಕ್ಕವನು. ದೂರದರ್ಶಕಕ್ಕೆ ಶುಕ್ಲ ಪಂಚಮಿಯಿಂದ ದಶಮಿಯವರೆಗಿನವನು. ಬೆಳಕು ಕತ್ತಲೆಗಳ ಗಡಿಯಲ್ಲಿ ಕುಳಿಗಳ ಅಂಚುಗಳ ನೆರಳು ನೀಳವಾಗಿ ಬಿದ್ದು, ಬೆಟ್ಟದ ತುದಿಯೊಂದು ಕತ್ತಲೆಯ ನಡುವೆ ಒಂಟಿ ದೀಪದಂತೆ ಹೊತ್ತಿಕೊಳ್ಳುವುದನ್ನು ಆಗ ಕಾಣಬಹುದು. ಶನಿಯನ್ನು ನೋಡಿದವರಂತೂ ಮೊದಲ ಸಲ ಮಾತಾಡುವುದಿಲ್ಲ. ಸಾಡೇಸಾತಿಯ ಭಯದಲ್ಲಿ ಅವನ ಹೆಸರನ್ನು ಹೇಳಲೂ ಅಳುಕಿದವರು, ರಾಶಿಯೊಂದಕ್ಕೆ ಎರಡೂವರೆ ವರ್ಷದಂತೆ ಮೂವತ್ತು ವರ್ಷಗಳಲ್ಲಿ ಚಕ್ರವನ್ನು ಸುತ್ತುವ ಆ ನಿಧಾನಗಾಮಿಯು ಉಂಗುರ ತೊಟ್ಟು ಕಪ್ಪು ಆಕಾಶದಲ್ಲಿ ತೂಗುತ್ತಿರುವುದನ್ನು ನೋಡಿ ಕೈಮುಗಿದದ್ದನ್ನು ನಾನು ಕಂಡಿದ್ದೇನೆ. 2017ರಲ್ಲಿ ಪೂರ್ಣ ತೆರೆದಿದ್ದ ಆ ಉಂಗುರಗಳು 2025ರ ಮಾರ್ಚಿನಲ್ಲಿ ಅಂಚನ್ನು ನಮ್ಮೆಡೆಗೆ ತಿರುಗಿಸಿ ಗೆರೆಯಾಗಿ ಕ್ಷೀಣಿಸಿದವು. ಮತ್ತೆ ವರ್ಷ ವರ್ಷಕ್ಕೆ ಅರಳುತ್ತ 2032ರ ಸುಮಾರಿಗೆ ಪೂರ್ಣವಾಗುವುವು. ಅದನ್ನು ನೋಡಲು ನಾನು ಕಾಯುತ್ತಿದ್ದೇನೆ.

ಕೆಂಗೇರಿಯ ಕಡೆಯವರಿಗೆ ಪಶ್ಚಿಮದ ಆಕಾಶ ಇನ್ನೂ ಸ್ವಲ್ಪ ಉಳಿದಿದೆ. ನಗರದ ಬೆಳಕಿನ ದೊಡ್ಡ ರಾಶಿ ಅವರಿಗೆ ಪೂರ್ವಕ್ಕಿರುವುದರಿಂದ, ಬಿದಿಗೆಯ ಚಂದ್ರನೂ ಸಂಜೆಯ ಶುಕ್ರನೂ ಅಲ್ಲಿ ಹೆಚ್ಚು ನಿರ್ಮಲ. ದಕ್ಷಿಣ ದಿಕ್ಕು ತೆರೆದಿರುವವರಿಗೆ ಫೆಬ್ರುವರಿಯಲ್ಲಿ ಅಗಸ್ತ್ಯನು 24 ಡಿಗ್ರಿ ಎತ್ತರದಲ್ಲಿಯೂ, ಮೇ ತಿಂಗಳ ಸಂಜೆಗಳಲ್ಲಿ ತ್ರಿಶಂಕುವು 17 ಡಿಗ್ರಿ ಎತ್ತರದಲ್ಲಿಯೂ ದೊರೆಯುತ್ತಾರೆ; ಕಾಶಿಯಲ್ಲಿ ತ್ರಿಶಂಕು ದಿಗಂತವನ್ನು ಬಿಟ್ಟು ಮೇಲೇಳುವುದು ಐದು ಡಿಗ್ರಿ ಮಾತ್ರ. ಮಾಗಡಿ ರಸ್ತೆಯಲ್ಲಿ ಸಾವನದುರ್ಗದ ಕಡೆಗೆ ಹೋದರೆ ಇನ್ನೂ ಕತ್ತಲೆಯುಂಟಾದರೂ, ಎದುರು ವಾಹನದ ದೀಪಗಳು ಕಣ್ಣಿಗೆ ಚುಚ್ಚುವ ವಯಸ್ಸಿನಲ್ಲಿ ರಾತ್ರಿಯೇ ಹಿಂದಿರುಗದೆ ಬೆಳಗಿನವರೆಗೆ ಅಲ್ಲಿ ತಂಗುವುದು ಕ್ಷೇಮ. ಕೊಳ್ಳುವ ಮುನ್ನ ಬೇರೆಯವರ ದೂರದರ್ಶಕದಲ್ಲಿ ನೋಡುವುದು ಅತ್ಯಂತ ಲಾಭಕರ. ಶಿಕ್ಷಣತಜ್ಞ ಡಾ. ಎಚ್. ನರಸಿಂಹಯ್ಯನವರ ಶ್ರಮದ ಫಲವೂ ಆಗಿ 1989ರಲ್ಲಿ ತೆರೆದ ಜವಾಹರಲಾಲ್ ನೆಹರು ತಾರಾಲಯವೂ, ನಗರದಲ್ಲಿ ದಶಕಗಳಿಂದ ನಡೆದುಬಂದಿರುವ ಹವ್ಯಾಸಿ ಖಗೋಳಜ್ಞರ ಸಂಘವೂ ಇದಕ್ಕೆ ಒದಗುತ್ತವೆ. ಓದಲು ಜಿ. ಟಿ. ನಾರಾಯಣರಾಯರ, ಬಿ. ಎಸ್. ಶೈಲಜಾ ಅವರ ಕನ್ನಡ ಗ್ರಂಥಗಳಿವೆ.

ಕಳೆದ ಮೇ ತಿಂಗಳಿನಲ್ಲಿ, ಎದುರುಮನೆಯ ಎಂಬತ್ತು ವರ್ಷದ ತಾಯಿಯೊಬ್ಬರು ಮೊಮ್ಮಗಳ ಕೈಹಿಡಿದು ತಾರಸಿಗೆ ಬಂದರು. ತಮ್ಮ ಮದುವೆಯಲ್ಲಿ ನಡುಹಗಲಿನಲ್ಲಿ ಪುರೋಹಿತರು ಆಕಾಶಕ್ಕೆ ಬೆರಳು ಮಾಡಿ ಅರುಂಧತಿ ಕಂಡಳೇ ಎಂದು ಕೇಳಿದಾಗ, ಏನೂ ಕಾಣದೆಯೇ ಕಂಡಳೆಂದು ಹೇಳಿದ್ದಾಗಿಯೂ, ಅಂದಿನಿಂದ ಇಂದಿನವರೆಗೆ ಅವಳನ್ನು ನೋಡಲಾಗಲಿಲ್ಲವೆಂದೂ ಹೇಳಿದರು. ಸಪ್ತರ್ಷಿಮಂಡಲ ಉತ್ತರದಲ್ಲಿ ಎತ್ತರವಾಗಿತ್ತು. ವಸಿಷ್ಠನಿಗೆ ಕೊಳವೆಯನ್ನು ಗುರಿಯಿಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿದೆನು. ಬಹಳ ಹೊತ್ತು ನೋಡಿ, ಇಲ್ಲಿ ಮೂರು ಇವೆಯಲ್ಲ, ಎಂದರು. ನಿಜ, 40 ಪಟ್ಟು ವರ್ಧನದಲ್ಲಿ ವಸಿಷ್ಠನೇ ಒಡೆದು, ಒತ್ತಾಗಿ ನಿಂತ ಇಬ್ಬರಾಗುತ್ತಾನೆ, ಅರುಂಧತಿ ಅಷ್ಟು ದೂರದಲ್ಲಿ ಒಬ್ಬಳೇ ಬೆಳಗುತ್ತಾಳೆ. ಅವರು ಇನ್ನೊಮ್ಮೆ ನೋಡಿದರು. ಆಮೇಲೆ, ಯಜಮಾನರಿಗೆ ಮೊಣಕಾಲು ಏಳುವುದಿಲ್ಲ, ಮೆಟ್ಟಿಲು ಹತ್ತಲಾರರು, ಎಂದು ಮೆಲ್ಲಗೆ ಹೇಳಿ ಸುಮ್ಮನಾದರು. ನಮ್ಮ ಬೀದಿ ಉತ್ತರಕ್ಕೆ ತೆರೆದಿದೆ. ಅವರ ಗೇಟಿನ ಮುಂದೆ ನಿಂತರೆ ಸಪ್ತರ್ಷಿಗಳು ಕಾಣುತ್ತಾರೆ. ಮುಕ್ಕಾಲಿಯನ್ನು ಮೊಮ್ಮಗಳು ಎತ್ತಿಕೊಂಡಳು. ನಾನು ಕೊಳವೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕಂಬಿಯನ್ನು ಹಿಡಿದು, ಮೂವತ್ತೊಂಬತ್ತು ಮೆಟ್ಟಿಲುಗಳನ್ನು ಇಳಿದೆನು.